ಟೆಕ್ ಲೀಡ್‌ಗಳಿಗಾಗಿ ಹತ್ತು ಶನಿವಾರಗಳ ತರಬೇತಿ: ಏನು ಕಲಿಸಿದರು, ಏನು ಬಿಟ್ಟರು

ಹನ್ನೊಂದು ವರ್ಷ ಕೋಡ್ ಬರೆದುಕೊಂಡಿದ್ದ ನನಗೆ ಎರಡು ವರ್ಷಗಳ ಹಿಂದೆ ಏಳು ಜನರ ತಂಡವೊಂದನ್ನು ವಹಿಸಿ ಟೆಕ್ ಲೀಡ್ ಎಂಬ ಹೆಸರು ಕೊಟ್ಟರು. ಆ ಹೆಸರಿನ ಜೊತೆಗೆ ಸಂಬಳದಲ್ಲಿ ಸ್ವಲ್ಪ ಏರಿಕೆಯೂ ಕ್ಯಾಲೆಂಡರ್ ತುಂಬ ಮೀಟಿಂಗುಗಳೂ ಬಂದವು; ಕೆಲಸವನ್ನು ಹೇಗೆ ಮಾಡಬೇಕೆಂದು ಹೇಳಿಕೊಡುವವರು ಮಾತ್ರ ಯಾರೂ ಇರಲಿಲ್ಲ. ನಮ್ಮ ಕ್ಷೇತ್ರದಲ್ಲಿ ಇದು ಹೊಸ ಸಂಗತಿಯಲ್ಲ. ಚೆನ್ನಾಗಿ ಕೋಡ್ ಬರೆಯುವವರನ್ನೇ ಆರಿಸಿ ಲೀಡ್ ಮಾಡುತ್ತಾರೆ, ಆದರೆ ಆ ಕೈಚಳಕವೊಂದೇ ತಂಡ ನಡೆಸಲು ಸಾಕಾಗುತ್ತದೆಯೇ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಒಂದು ವರ್ಷ ಹೇಗೋ ದಿನ ತಳ್ಳಿದ ಮೇಲೆ, ಬೆಂಗಳೂರಿನ ಖಾಸಗಿ ತರಬೇತಿ ಸಂಸ್ಥೆಯೊಂದು ಹೊಸ ಟೆಕ್ ಲೀಡ್‌ಗಳಿಗಾಗಿಯೇ ನಡೆಸುವ ಹತ್ತು ಶನಿವಾರಗಳ ತರಬೇತಿಗೆ ಸ್ವಂತ ಹಣ ಕಟ್ಟಿ ಸೇರಿಕೊಂಡೆ. ಅದು ಮುಗಿದು ಈಗ ಎಂಟು ತಿಂಗಳಾಗಿದೆ. ಕಲಿತದ್ದರಲ್ಲಿ ಏನು ಉಳಿಯಿತು, ಏನು ಉದುರಿಹೋಯಿತು ಎಂದು ಹೇಳಲು ಇಷ್ಟು ಕಾಲವಾದರೂ ಬೇಕು ಎಂದು ಕಾದು ಈಗ ಬರೆಯುತ್ತಿದ್ದೇನೆ.

ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಇಂಥ ತರಬೇತಿಗಳು ನಗರದಲ್ಲಿ ಹಲವು ಕಡೆ ನಡೆಯುತ್ತವೆ. ಯಾವುದಕ್ಕಾದರೂ ಸೇರಬೇಕೆಂದು ಯೋಚಿಸುತ್ತಿರುವವರಿಗೆ ಏನನ್ನು ನೋಡಿ ತೀರ್ಮಾನಿಸಬೇಕು ಎಂಬುದು ತಿಳಿದರೆ ಈ ವಿಮರ್ಶೆಯ ಕೆಲಸ ಆಯಿತು. ಶುಲ್ಕ 28,000 ರೂಪಾಯಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ. ವಾರಕ್ಕೆ ನಾಲ್ಕು ಗಂಟೆಯಂತೆ ಒಟ್ಟು 40 ಗಂಟೆಗಳ ಪಾಠ. ನಮ್ಮ ಬ್ಯಾಚ್‌ನಲ್ಲಿ 22 ಜನರಿದ್ದೆವು. ಹೆಚ್ಚಿನವರು ಸಾಫ್ಟ್‌ವೇರ್‌ನವರು, ಪೀಣ್ಯದ ಯಂತ್ರೋಪಕರಣ ಕಾರ್ಖಾನೆಯಿಂದ ಇಬ್ಬರು, ವೈದ್ಯಕೀಯ ಉಪಕರಣ ತಯಾರಿಸುವ ಕಂಪನಿಯಿಂದ ಒಬ್ಬರು ಬರುತ್ತಿದ್ದರು. ಹುಬ್ಬಳ್ಳಿಯ ಒಬ್ಬರು ಪ್ರತಿ ಶುಕ್ರವಾರ ರಾತ್ರಿ ರೈಲು ಹತ್ತಿ ಬೆಳಿಗ್ಗೆ ನೇರವಾಗಿ ತರಗತಿಗೇ ಬರುತ್ತಿದ್ದರು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಚಹಾದ ಹೊತ್ತಿನ ಮಾತೆಲ್ಲ ಕನ್ನಡದಲ್ಲಿ.

ಮೊದಲ ಎರಡು ಶನಿವಾರಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನಾಯಕನಿಗೂ ಮ್ಯಾನೇಜರ್‌ಗೂ ಇರುವ ವ್ಯತ್ಯಾಸವೇನು ಎಂಬುದನ್ನು ಅರವತ್ತಕ್ಕೂ ಹೆಚ್ಚು ಸ್ಲೈಡುಗಳಲ್ಲಿ ತೋರಿಸಿದರು. ಪ್ರಶ್ನಾವಳಿಯೊಂದನ್ನು ತುಂಬಿಸಿ, ನಮ್ಮನ್ನು ನಾಲ್ಕು ಬಣ್ಣಗಳ ಸ್ವಭಾವಗಳಾಗಿ ವಿಂಗಡಿಸಿ, ನೀಲಿಯವರು ಕೆಂಪಿನವರ ಜೊತೆ ಹೇಗೆ ಮಾತನಾಡಬೇಕು ಎಂದು ಹೇಳಿಕೊಟ್ಟರು. ಮನುಷ್ಯರನ್ನು ಹೀಗೆ ವಿಂಗಡಿಸುವುದರಿಂದ ಲೀಡ್ ಆದವರಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಎಂದು ನಾನು ನಂಬಿದ್ದೇನೆ. ಎದುರಿಗಿರುವವರ ಮಾತನ್ನು ಕೇಳಿಸಿಕೊಳ್ಳಬೇಕಾದ ಹೊತ್ತಿನಲ್ಲಿ ನಾವು ಅವರ ಬಣ್ಣವನ್ನು ಊಹಿಸುತ್ತಾ ಕುಳಿತಿರುತ್ತೇವೆ.

ಮೂರನೆಯ ಶನಿವಾರ ಅತಿಥಿ ಉಪನ್ಯಾಸಕರೊಬ್ಬರು ಗೂಗಲ್ ಕಂಪನಿಯ ಪ್ರಾಜೆಕ್ಟ್ ಆಕ್ಸಿಜನ್ ಎಂಬ ಅಧ್ಯಯನವನ್ನು ಮುಂದಿಟ್ಟರು. ಒಳ್ಳೆಯ ಮ್ಯಾನೇಜರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ನಡವಳಿಕೆಗಳು ಯಾವುವು ಎಂದು ತನ್ನದೇ ಉದ್ಯೋಗಿಗಳ ಸಮೀಕ್ಷೆ ಮತ್ತು ಅವರ ಕೆಲಸವನ್ನು ಅಳೆಯುವ ಅಪ್ರೈಸಲ್‌ಗಳಿಂದ ಹುಡುಕಿ ತೆಗೆದ ಆ ಕಂಪನಿ ಎಂಟು ಅಂಶಗಳ ಪಟ್ಟಿಯೊಂದನ್ನು ಮಾಡಿತು. ಒಳ್ಳೆಯ ಕೋಚ್ ಆಗಿರುವುದು ಅದರಲ್ಲಿ ಮೊದಲನೆಯದು, ತಾಂತ್ರಿಕ ಕೌಶಲ ಎಂಟನೆಯದು. ಮುಂದೆ 2018ರಲ್ಲಿ ಆ ಪಟ್ಟಿ ಹತ್ತು ಅಂಶಗಳಿಗೆ ಬೆಳೆಯಿತು. ಉಪನ್ಯಾಸಕರು ಇದರಿಂದ ತೆಗೆದ ಸಾರ, ತಂಡ ನಡೆಸುವವರಿಗೆ ತಂತ್ರಜ್ಞಾನ ತಿಳಿದಿರುವುದು ಎಲ್ಲಕ್ಕಿಂತ ಕಡಿಮೆ ಮುಖ್ಯ ಎಂಬುದು. ತರಗತಿಯಲ್ಲಿ ಹಲವರು ತಲೆಯಾಡಿಸಿದರು. ನನಗೆ ಆಗಲೂ ಒಪ್ಪಿಗೆಯಾಗಲಿಲ್ಲ, ಈಗಂತೂ ಒಪ್ಪುವುದೇ ಇಲ್ಲ. ಕಠಿಣವಾದ ತಾಂತ್ರಿಕ ಸಂದರ್ಶನಗಳನ್ನು ದಾಟಿ ಬಂದವರೇ ತುಂಬಿರುವ ಕಂಪನಿಯಲ್ಲಿ, ಎಲ್ಲರಲ್ಲಿಯೂ ಇರುವ ಗುಣವೊಂದು ಒಳ್ಳೆಯ ಮ್ಯಾನೇಜರನ್ನು ಸಾಧಾರಣ ಮ್ಯಾನೇಜರಿನಿಂದ ಬೇರ್ಪಡಿಸಿ ತೋರಿಸಲಾರದು. ಪಟ್ಟಿಯಲ್ಲಿ ಅದು ಎಂಟನೆಯದಾಗಿದೆ ನಿಜ, ಆದರೆ ಪಟ್ಟಿಯಿಂದ ಹೊರಗೆ ಹೋಗಿಲ್ಲ. ಅಡಿಪಾಯ ಕಣ್ಣಿಗೆ ಬೀಳುವುದಿಲ್ಲ ಎಂದ ಮಾತ್ರಕ್ಕೆ ಮನೆಗೆ ಅಡಿಪಾಯ ಬೇಡ ಎನ್ನಲಾಗುವುದಿಲ್ಲ. ಈ ಮಾತನ್ನು ನಾನು ಅಂದು ಎದ್ದು ನಿಂತು ಹೇಳಬೇಕಿತ್ತು, ಹೇಳಲಿಲ್ಲ. ಮುಂದಿನ ವಾರದ ಪಾಠವೇ ಅದನ್ನು ನನಗಿಂತ ಚೆನ್ನಾಗಿ ಹೇಳಿತು.

ನಾಲ್ಕನೆಯ ಶನಿವಾರದಿಂದ ತರಬೇತುದಾರರು ಬದಲಾದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಯಂತ್ರಗಳ ಒಳಗೇ ಕೂತು ಅವನ್ನು ನಡೆಸುವ ಎಂಬೆಡೆಡ್ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ದುಡಿದ ಮಹಿಳೆಯೊಬ್ಬರು ಬಂದರು. ನಾವೆಲ್ಲ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು. ಅವರು ಪ್ರೊಜೆಕ್ಟರ್ ಹಚ್ಚಲಿಲ್ಲ. ಐದೈದು ಜನರ ಗುಂಪು ಮಾಡಿ, ಪ್ರತಿಯೊಬ್ಬರ ಕೈಗೂ ಒಂದು ಹಾಳೆ ಕೊಟ್ಟು, ಅದರಲ್ಲಿರುವ ವ್ಯಕ್ತಿಯ ಸ್ಥಾನದಲ್ಲಿ ಕುಳಿತು ಅರ್ಧ ಗಂಟೆಯೊಳಗೆ ಒಂದು ತೀರ್ಮಾನಕ್ಕೆ ಬನ್ನಿ ಎಂದರು. ಹಾಳೆಯಲ್ಲಿದ್ದದ್ದು 1986ರ ಜನವರಿ 27ರ ಸಂಜೆ ಅಮೆರಿಕದಲ್ಲಿ ನಡೆದ ದೂರವಾಣಿ ಸಭೆ.

ನಾಸಾದ ಬಾಹ್ಯಾಕಾಶ ನೌಕೆ ಚಾಲೆಂಜರ್‌ನ ದುರಂತದ ಹೆಸರನ್ನು ಎಂಜಿನಿಯರಿಂಗ್ ಓದಿದವರೆಲ್ಲರೂ ಕೇಳಿದ್ದಾರೆ. ಮರುದಿನ ಬೆಳಿಗ್ಗೆ ಉಡಾವಣೆಯಾದ 73 ಸೆಕೆಂಡುಗಳಲ್ಲಿ ನೌಕೆ ಒಡೆದು ಏಳು ಜನ ಪ್ರಾಣ ಕಳೆದುಕೊಂಡರು. ಆದರೆ ಹಿಂದಿನ ಸಂಜೆಯ ಆ ಸಭೆಯನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ನೌಕೆಯನ್ನು ಮೇಲಕ್ಕೆ ತಳ್ಳುವ ಘನ ಇಂಧನದ ಬೂಸ್ಟರ್‌ಗಳನ್ನು ತಯಾರಿಸುತ್ತಿದ್ದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರ್‌ಗಳು, ಅವರಲ್ಲಿ ಮುಖ್ಯವಾಗಿ ರೋಜರ್ ಬಾಯ್ಸ್‌ಜೋಲಿ, ಚಳಿಯಲ್ಲಿ ಬೂಸ್ಟರ್‌ನ ಕೀಲುಗಳನ್ನು ಮುಚ್ಚುವ ರಬ್ಬರ್ ಓ-ರಿಂಗ್‌ಗಳು ಬೇಗ ಹಿಗ್ಗುವುದಿಲ್ಲ, ಬಿಸಿ ಅನಿಲ ಸೋರಬಹುದು, ಆದ್ದರಿಂದ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪದಲ್ಲಿ ಉಡಾವಣೆ ಬೇಡ ಎಂದು ಹೇಳಿದರು. ಆ ರಾತ್ರಿ ಫ್ಲಾರಿಡಾದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳಲಿತ್ತು. ನಾಸಾದ ಅಧಿಕಾರಿಗಳು ಈ ಸಲಹೆಗೆ ಬಲವಾಗಿ ಆಕ್ಷೇಪಿಸಿದರು. ಕಂಪನಿಯವರು ಐದು ನಿಮಿಷ ನಮ್ಮೊಳಗೆ ಮಾತಾಡಿಕೊಳ್ಳುತ್ತೇವೆ ಎಂದು ದೂರವಾಣಿ ಮೌನಗೊಳಿಸಿದರು. ಆ ಐದು ನಿಮಿಷ ಅರ್ಧ ಗಂಟೆಯಾಯಿತು. ಆಗ ಜೆರ್ರಿ ಮೇಸನ್ ಎಂಬ ಹಿರಿಯ ಅಧಿಕಾರಿ, ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾಗಿದ್ದ ರಾಬರ್ಟ್ ಲಂಡ್ ಅವರಿಗೆ, ನಿಮ್ಮ ಎಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಎಂದರು. ಲಂಡ್ ತಮ್ಮ ನಿಲುವು ಬದಲಿಸಿದರು. ಕೋಣೆಯಲ್ಲಿದ್ದ ಎಂಜಿನಿಯರ್‌ಗಳ ಅಭಿಪ್ರಾಯವನ್ನು ಕೊನೆಯಲ್ಲಿ ಯಾರೂ ಕೇಳಲಿಲ್ಲ.

ನನ್ನ ಹಾಳೆಯಲ್ಲಿದ್ದ ಹೆಸರು ಲಂಡ್ ಅವರದ್ದು. ಕಥೆಯ ಕೊನೆ ನನಗೆ ಮೊದಲೇ ಗೊತ್ತಿತ್ತು, ಆದ್ದರಿಂದ ಬೇಡ ಎನ್ನುವುದು ಸುಲಭವೆಂದುಕೊಂಡಿದ್ದೆ. ಆದರೆ ಮೇಸನ್ ಆಗಿ ಕುಳಿತಿದ್ದ ಪೀಣ್ಯದವರು ಅದ್ಭುತವಾಗಿ ಒತ್ತಡ ಹಾಕಿದರು: ಗ್ರಾಹಕರು ಕಾಯುತ್ತಿದ್ದಾರೆ, ಹಿಂದಿನ ಹಾರಾಟಗಳೆಲ್ಲ ಸುರಕ್ಷಿತವಾಗಿ ಮುಗಿದಿವೆ, ನಾಳೆ ಅಪಾಯವಾಗಿಯೇ ಆಗುತ್ತದೆ ಎಂದು ನೀವು ಸಾಬೀತು ಮಾಡಬಲ್ಲಿರಾ? ಹತ್ತನೆಯ ನಿಮಿಷದ ಹೊತ್ತಿಗೆ ನಾನು ಓ-ರಿಂಗ್ ಬಗ್ಗೆ ಯೋಚಿಸುವುದನ್ನು ಬಿಟ್ಟು, ಯಾರಿಗೂ ಬೇಸರವಾಗದಂತೆ ಒಪ್ಪಿಕೊಳ್ಳುವ ವಾಕ್ಯವನ್ನು ಹುಡುಕುತ್ತಿದ್ದೆ. ಅದು ನನಗೆ ಗೊತ್ತಾದದ್ದು, ಬಾಯ್ಸ್‌ಜೋಲಿ ಆಗಿದ್ದ ಹುಬ್ಬಳ್ಳಿಯವರು ಮಾತು ನಿಲ್ಲಿಸಿ ಕೈಕಟ್ಟಿ ಕುಳಿತಾಗ. ನಮ್ಮ ಕಚೇರಿಯ ಮೀಟಿಂಗುಗಳಲ್ಲಿ ಅದೇ ರೀತಿ ಕೈಕಟ್ಟಿ ಕುಳಿತುಬಿಡುವ ಒಂದೆರಡು ಮುಖಗಳು ನನಗೆ ತಟ್ಟನೆ ನೆನಪಾದವು. ಅವರಿಗೆ ಹೇಳಲು ಏನೂ ಇಲ್ಲ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಚರ್ಚೆಯಲ್ಲಿ ಮೇಡಂ ತಪ್ಪು ಯಾರದ್ದು ಎಂದು ಒಮ್ಮೆಯೂ ಕೇಳಲಿಲ್ಲ. ಆ ಅರ್ಧ ಗಂಟೆಯಲ್ಲಿ ಲಂಡ್ ಕೇಳಬಹುದಾಗಿದ್ದ ಪ್ರಶ್ನೆಗಳು ಯಾವುವು ಎಂದು ಕೇಳಿದರು. ಸುರಕ್ಷಿತ ಎಂದು ತೋರಿಸುವ ಭಾರ ಇರಬೇಕಾದ ಕಡೆ ಅಸುರಕ್ಷಿತ ಎಂದು ಸಾಬೀತು ಮಾಡುವ ಭಾರ ಎಂಜಿನಿಯರ್‌ಗಳ ತಲೆಗೆ ಬಂದದ್ದನ್ನು ಗುರುತಿಸಿ ಹೇಳುವುದು ಒಂದು. ಇನ್ನೊಂದು ಅಪ್ಪಟ ತಾಂತ್ರಿಕ ಪ್ರಶ್ನೆ. ಎಂಜಿನಿಯರ್‌ಗಳು ಅಂದು ತೋರಿಸಿದ್ದು ರಿಂಗ್‌ಗಳಿಗೆ ಹಾನಿಯಾಗಿದ್ದ ಹಾರಾಟಗಳ ಮಾಹಿತಿಯನ್ನು. ಹಾನಿಯಾಗದ ಹಾರಾಟಗಳನ್ನೂ ಅದೇ ನಕ್ಷೆಯಲ್ಲಿ ಗುರುತಿಸಿದ್ದರೆ, ಹಾನಿಯಿಲ್ಲದ ಹಾರಾಟಗಳೆಲ್ಲ ಬೆಚ್ಚನೆಯ ದಿನಗಳಲ್ಲಿಯೇ ನಡೆದಿವೆ ಎಂಬುದು ಕಣ್ಣಿಗೆ ಹೊಡೆದು ಕಾಣುತ್ತಿತ್ತು. ದುರಂತದ ತನಿಖೆ ನಡೆಸಿದ ಆಯೋಗ ಇದನ್ನು ಎತ್ತಿ ತೋರಿಸಿದೆ. ಕಿರಿಯರು ತರುವ ಮಾಹಿತಿ ಅರೆಬರೆಯಾಗಿರುವುದು ಸಹಜ, ಯಾಕೆಂದರೆ ಅವರು ಆತಂಕದಲ್ಲಿರುತ್ತಾರೆ. ಉಳಿದರ್ಧವನ್ನು ಕೇಳಿ ತರಿಸಿಕೊಳ್ಳಬೇಕಾದವರು ಲೀಡ್, ಮತ್ತು ವಿಷಯ ತಿಳಿಯದವರಿಗೆ ಆ ಉಳಿದರ್ಧ ಯಾವುದೆಂದೇ ಗೊತ್ತಾಗುವುದಿಲ್ಲ. ಹಿಂದಿನ ವಾರದ ಉಪನ್ಯಾಸಕ್ಕೆ ನನಗೆ ಸಿಕ್ಕ ಉತ್ತರ ಇದೇ. ಲೀಡ್‌ಗೆ ತಾಂತ್ರಿಕ ಆಳ ಬೇಕಾಗಿರುವುದು ತಂಡದಲ್ಲಿ ಎಲ್ಲರಿಗಿಂತ ಜಾಣರೆನಿಸಿಕೊಳ್ಳಲು ಅಲ್ಲ, ತನ್ನ ಬಳಿಗೆ ಬಂದ ಕೆಟ್ಟ ಸುದ್ದಿಯನ್ನು ಅರ್ಥ ಮಾಡಿಕೊಳ್ಳಲು.

ಐದನೆಯ ಶನಿವಾರ ಎಸ್‌ಎಲ್‌ವಿ-3 ರಾಕೆಟ್‌ನ ಪ್ರಸಂಗ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಮೊದಲ ರಾಕೆಟ್ ಬಂಗಾಳ ಕೊಲ್ಲಿಗೆ ಬಿದ್ದಾಗ ಪತ್ರಕರ್ತರೆದುರು ಇಸ್ರೋ ಅಧ್ಯಕ್ಷ ಸತೀಶ್ ಧವನ್ ತಾವೇ ನಿಂತು ಹೊಣೆ ಹೊತ್ತದ್ದು, 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಅದೇ ಪತ್ರಕರ್ತರ ಮುಂದೆ ಯೋಜನಾ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು ಕಳುಹಿಸಿದ್ದು ನಮ್ಮೆಲ್ಲರಿಗೂ ಶಾಲೆಯಿಂದಲೇ ಗೊತ್ತು. ಅದನ್ನೇ ಮತ್ತೆ ಹೇಳುತ್ತಾರೆಂದು ನಾನು ತಿಳಿದಿದ್ದೆ. ಮೇಡಂ ಹಿಡಿದದ್ದು ಬೇರೊಂದು ಎಳೆಯನ್ನು. 1979ರ ಆ ಉಡಾವಣೆಗೆ ಮುಂಚಿನ ಕೊನೆಯ ಕ್ಷಣಗಳಲ್ಲಿ ಕಂಪ್ಯೂಟರ್ ಎಣಿಕೆಯನ್ನು ನಿಲ್ಲಿಸಿತ್ತು, ನಿಯಂತ್ರಣ ವ್ಯವಸ್ಥೆಯಲ್ಲಿ ಸೋರಿಕೆಯ ಸುಳಿವಿತ್ತು, ಜೊತೆಗಿದ್ದ ತಜ್ಞರು ತೊಂದರೆಯಿಲ್ಲ ಎಂದರು, ಕಲಾಂ ಕಂಪ್ಯೂಟರನ್ನು ಬದಿಗಿಟ್ಟು ಮುಂದುವರಿಯುವ ತೀರ್ಮಾನ ತೆಗೆದುಕೊಂಡರು. ಇದು ನಮಗೆ ತಿಳಿದಿರುವುದು ಕಲಾಂ ಅವರೇ ಮುಂದೆ ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳಿದ್ದರಿಂದ. ಧವನ್ ಅವರ ದೊಡ್ಡತನಕ್ಕೆ ಕೈಮುಗಿದು ಸುಮ್ಮನಾಗುವ ನಾವು, ಆ ದೊಡ್ಡತನದಿಂದ ಮುಂದೆ ಏನು ಸಾಧ್ಯವಾಯಿತು ಎಂದು ನೋಡುವುದಿಲ್ಲ ಎಂದರು ಮೇಡಂ. ಹೊರಗಿನವರ ಬೆರಳು ತಂಡದ ಕಡೆ ತಿರುಗದಂತೆ ಅಧ್ಯಕ್ಷರು ಅಡ್ಡ ನಿಂತದ್ದರಿಂದ, ಒಳಗೆ ಏನಾಯಿತೆಂದು ಬಿಚ್ಚಿ ನೋಡಲು, ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯನ್ನು ಸರಿಪಡಿಸಲು ತಂಡಕ್ಕೆ ಒಂದು ವರ್ಷದಷ್ಟು ನಿರ್ಭಯವಾದ ಸಮಯ ಸಿಕ್ಕಿತು. ಚಹಾದ ಹೊತ್ತಿನಲ್ಲಿ ಪೀಣ್ಯದವರು, 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹವನ್ನು ಯು. ಆರ್. ರಾವ್ ಅವರ ತಂಡ ಕಟ್ಟಿದ್ದು ತಮ್ಮ ಕೈಗಾರಿಕಾ ಬಡಾವಣೆಯ ಶೆಡ್ಡುಗಳಲ್ಲಿಯೇ ಎಂದು ಬಹಳ ಅಭಿಮಾನದಿಂದ ಹೇಳಿದರು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ರಾವ್ ಅವರ ಬಗ್ಗೆ ತರಬೇತಿಯಲ್ಲಿ ಒಂದು ಪೂರ್ತಿ ಗಂಟೆ ಇಡಬಹುದಾಗಿತ್ತು. ಉಪಗ್ರಹವನ್ನು ಹಿಂದೆಂದೂ ಕಟ್ಟಿರದ ತಂಡವೊಂದನ್ನು ಮುನ್ನಡೆಸಿದವರ ಕಥೆ ಬೆಂಗಳೂರಿನ ತರಗತಿಯೊಂದರಲ್ಲಿ ಚಹಾದ ಹೊತ್ತಿಗೆ ಉಳಿದದ್ದು ನನಗೆ ಕೊರತೆಯೆಂದೇ ಅನಿಸಿತು.

ಆರನೆಯ ಶನಿವಾರಕ್ಕಾಗಿಯೇ ನಾನು ಈ ತರಬೇತಿಯನ್ನು ಇತರರಿಗೆ ಹೇಳುತ್ತಿರುವುದು. ಅಂದು ಮೊದಲು ಓದಿದ್ದು, ಬೇರೆಯವರ ಕೋಡನ್ನು ಇಟ್ಟುಕೊಳ್ಳುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿ ತಾನೇ ಪ್ರಕಟಿಸಿದ ಅವಘಡದ ವರದಿ. 2017ರ ಜನವರಿ 31ರ ರಾತ್ರಿ ದಣಿದಿದ್ದ ಎಂಜಿನಿಯರ್ ಒಬ್ಬರು ಎರಡನೆಯ ಸರ್ವರ್‌ನಲ್ಲಿ ಅಳಿಸಬೇಕಾದ ಡೇಟಾಬೇಸ್ ಫೋಲ್ಡರನ್ನು ಮುಖ್ಯ ಸರ್ವರ್‌ನಲ್ಲಿಯೇ ಅಳಿಸಿಬಿಟ್ಟರು. ಒಂದೆರಡು ಸೆಕೆಂಡುಗಳಲ್ಲಿ ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಇದ್ದದ್ದು 4.5 ಗಿಗಾಬೈಟ್‌ಗೆ ಇಳಿದಿತ್ತು. ಬ್ಯಾಕಪ್ ಹುಡುಕಿದರೆ, ದಿನವೂ ಆಗಬೇಕಿದ್ದ ಬ್ಯಾಕಪ್ ಡೇಟಾಬೇಸ್ ಆವೃತ್ತಿ ಹೊಂದದ ಕಾರಣ ಆಗುತ್ತಲೇ ಇರಲಿಲ್ಲ. ಆಗುತ್ತಿಲ್ಲ ಎಂದು ಎಚ್ಚರಿಸಬೇಕಿದ್ದ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಒಬ್ಬರು ಬೇರೆ ಕೆಲಸಕ್ಕಾಗಿ ಆರು ಗಂಟೆಗಳ ಹಿಂದೆ ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ ಇದ್ದದ್ದರಿಂದ ನಷ್ಟ ಆರು ಗಂಟೆಗಳ ಮಾಹಿತಿಗೆ ನಿಂತಿತು. ಕಂಪನಿ ಚೇತರಿಕೆಯ ಕೆಲಸವನ್ನು ಯೂಟ್ಯೂಬ್‌ನಲ್ಲಿ ಎಲ್ಲರೂ ನೋಡುವಂತೆ ನಡೆಸಿತು, ಆ ಎಂಜಿನಿಯರನ್ನು ಕೆಲಸದಿಂದ ತೆಗೆಯಲಿಲ್ಲ. ತರಗತಿಯಲ್ಲಿ ಎಲ್ಲರ ಗಮನ ಫೋಲ್ಡರ್ ಅಳಿಸಿದ ಕೈಯ ಮೇಲಿತ್ತು. ಮೇಡಂ ನಮ್ಮ ಗಮನವನ್ನು ತಿರಸ್ಕೃತವಾದ ಆ ಇಮೇಲ್‌ಗಳ ಕಡೆ ತಿರುಗಿಸಿದರು. ಕೆಟ್ಟ ಸುದ್ದಿ ದಿನವೂ ಹೊರಡುತ್ತಿತ್ತು, ತಲುಪಬೇಕಾದವರನ್ನು ತಲುಪುತ್ತಿರಲಿಲ್ಲ. ನಿಮ್ಮ ತಂಡದಲ್ಲಿ ಹೀಗೆ ಹೊರಟು ತಲುಪದೆ ಉಳಿದ ಸುದ್ದಿ ಯಾವುದು ಎಂದು ಕೇಳಿ, ಹತ್ತು ನಿಮಿಷ ಸುಮ್ಮನೆ ಕುಳಿತು ಬರೆಯಲು ಹೇಳಿದರು.

ಆಮೇಲೆ ಮೂರು ಮೂರು ಜನರ ಅಭ್ಯಾಸ. ಒಬ್ಬರು ತಮ್ಮಿಂದಾದ ಅವಘಡವನ್ನು ಹೇಳಬೇಕು, ಒಬ್ಬರು ಲೀಡ್ ಆಗಿ ಕೇಳಬೇಕು, ಮೂರನೆಯವರು ಲೀಡ್ ಎಷ್ಟು ಪ್ರಶ್ನೆ ಕೇಳಿದರು ಎಂದು ಗೆರೆ ಹಾಕುತ್ತಾ ಹೋಗಬೇಕು. ಮೊದಲ ಸುತ್ತು ಇಂಗ್ಲಿಷಿನಲ್ಲಿ ನಡೆಯಿತು. ಹೇಳುವವರೆಲ್ಲ ಕರ್ತೃವೇ ಇಲ್ಲದ ವಾಕ್ಯಗಳಲ್ಲಿ ಹೇಳಿದರು: ಪ್ರೊಡಕ್ಷನ್‌ನಲ್ಲಿ ಒಂದು ಇಶ್ಯೂ ಕಂಡುಬಂದಿದೆ, ಪರಿಶೀಲಿಸಲಾಗುತ್ತಿದೆ. ಎರಡನೆಯ ಸುತ್ತಿಗೆ ಮೇಡಂ, ಮನೆಯಲ್ಲಿ ಆಡುವ ಭಾಷೆಯಲ್ಲಿ ಮಾತಾಡಿ ಎಂದರು. ಕನ್ನಡದ ಗುಂಪುಗಳಲ್ಲಿ ಹೆಚ್ಚುಕಡಿಮೆ ಎಲ್ಲರ ಮೊದಲ ವಾಕ್ಯವೂ ಒಂದೇ ಆಗಿತ್ತು: "ಸರ್, ನನ್ನಿಂದ ಒಂದು ತಪ್ಪಾಯ್ತು." ಲೀಡ್ ಆದವರ ಉತ್ತರವೂ ಒಂದೇ: "ಹೋಗ್ಲಿ ಬಿಡಿ, ಏನೂ ಆಗಲ್ಲ." ಮೂರನೆಯವರ ಹಾಳೆಯಲ್ಲಿ ಒಂದು ಗೆರೆಯೂ ಬಿದ್ದಿರಲಿಲ್ಲ.

ಇದನ್ನು ನಾನು ಇಷ್ಟು ವರ್ಷ ಗಮನಿಸಿರಲಿಲ್ಲ. ಕನ್ನಡದಲ್ಲಿ ತಪ್ಪಾಯಿತು ಎಂಬ ಮಾತು ಏನು ನಡೆಯಿತೆಂದು ತಿಳಿಸುವುದಕ್ಕಿಂತ ಕ್ಷಮೆ ಕೇಳುವುದಕ್ಕೇ ಹೆಚ್ಚಾಗಿ ಬಳಕೆಯಾಗುತ್ತದೆ. ಕೇಳಿದ ಕೂಡಲೇ ಹಿರಿಯರ ಸ್ಥಾನದಲ್ಲಿರುವವರಿಗೆ ಕ್ಷಮಿಸುವ ಮನಸ್ಸಾಗುತ್ತದೆ, ಹೋಗಲಿ ಬಿಡು ಎನ್ನುತ್ತೇವೆ, ಅಲ್ಲಿಗೆ ಮಾತು ಮುಗಿಯುತ್ತದೆ. ಗದರಿದರೆ ಸುದ್ದಿ ಬರುವುದು ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಆತುರದಿಂದ ಕ್ಷಮಿಸಿದರೂ ಅರ್ಧ ಸುದ್ದಿ ಹೇಳಿದವರ ಹೊಟ್ಟೆಯಲ್ಲಿಯೇ ಉಳಿಯುತ್ತದೆ ಎಂದು ಗೊತ್ತಿರಲಿಲ್ಲ. ಮೇಡಂ ಕೊಟ್ಟ ಪರಿಹಾರ ಸರಳವಾದದ್ದು. ಹೋಗಲಿ ಬಿಡಿ ಎನ್ನುವ ಮೊದಲು ಮೂರು ಪ್ರಶ್ನೆ ಕೇಳಿ: ಯಾವಾಗ ಗೊತ್ತಾಯಿತು, ಹೇಗೆ ಗೊತ್ತಾಯಿತು, ಆ ಹೊತ್ತಿಗೆ ನಿಮಗೆ ಏನು ಸರಿ ಅನಿಸಿತ್ತು. ಮೂರನೆಯ ಪ್ರಶ್ನೆಯೇ ಮುಖ್ಯವಾದದ್ದು, ಯಾಕೆಂದರೆ ಆ ಕ್ಷಣದಲ್ಲಿ ಅವರಿಗೆ ಸರಿ ಅನಿಸಿದ್ದು ನಾಳೆ ಇನ್ನೊಬ್ಬರಿಗೂ ಸರಿ ಅನಿಸುತ್ತದೆ.

ನನ್ನ ತಂಡದಲ್ಲಿ ಇದರಿಂದ ಏನಾಯಿತೆಂದು ಹೇಳಬೇಕಾದರೆ ತರಬೇತಿಗೆ ಮುಂಚಿನ ಒಂದು ಘಟನೆಯಿಂದ ಆರಂಭಿಸಬೇಕು. ತಂಡದ ಅತ್ಯಂತ ಕಿರಿಯ ಎಂಜಿನಿಯರ್ ಬರೆದ ಕೋಡ್ ಒಂದರಲ್ಲಿ, ಪಾವತಿ ವಿಫಲವಾದಾಗ ಮತ್ತೆ ಪ್ರಯತ್ನಿಸುವ ಭಾಗ ಕೆಲವು ಗ್ರಾಹಕರಿಂದ ಎರಡು ಸಲ ಹಣ ಕಡಿತ ಮಾಡುತ್ತಿತ್ತು. ಆತನಿಗೆ ಅದು ಮಂಗಳವಾರವೇ ತಿಳಿದಿತ್ತು, ನನಗೆ ತಿಳಿದದ್ದು ಗುರುವಾರ, ಅದೂ ಗ್ರಾಹಕರ ದೂರುಗಳಿಂದ. ಯಾಕೆ ಹೇಳಲಿಲ್ಲ ಎಂದಾಗ ಆತ ಮೊದಲು ಸುಮ್ಮನಿದ್ದು, ಆಮೇಲೆ, ನಾನೇ ಸರಿ ಮಾಡಿಬಿಡೋಣ ಅಂದುಕೊಂಡೆ ಸರ್, ಎಂದ. ಅದಕ್ಕೆ ಮೂರು ವಾರ ಮೊದಲು ನಾನು ಎಲ್ಲರೆದುರು ಆತನ ಕೋಡ್ ರಿವ್ಯೂ ಮಾಡುತ್ತಾ, ಇಷ್ಟೂ ಗೊತ್ತಾಗಲಿಲ್ಲವೇ ಎಂದಿದ್ದೆ. ನನಗೆ ಅದು ಆಡಿ ಮರೆತ ಮಾತು. ಆತ ಅದನ್ನು ಮರೆತಿರಲಿಲ್ಲ. ಗ್ರಾಹಕರ ಎರಡು ದಿನಗಳ ತೊಂದರೆಗೆ ಕಾರಣವಾದದ್ದು ಆತನ ಕೋಡ್‌ಗಿಂತ ಹೆಚ್ಚಾಗಿ ನನ್ನ ಆ ಒಂದು ವಾಕ್ಯ ಎಂದು ಈಗ ನನಗೆ ಸ್ಪಷ್ಟವಾಗಿದೆ, ಮತ್ತು ಅದನ್ನು ನಾನು ಆತನಿಗೂ ಹೇಳಿದ್ದೇನೆ.

ತರಬೇತಿ ಮುಗಿದ ಎರಡನೆಯ ತಿಂಗಳಲ್ಲಿ ಅದೇ ಹುಡುಗ ಒಂದು ಬೆಳಿಗ್ಗೆ ನನ್ನ ಮೇಜಿನ ಬಳಿ ಬಂದು, ಹಿಂದಿನ ರಾತ್ರಿಯ ರಿಲೀಸ್‌ನಲ್ಲಿ ಬಿಲ್ಲುಗಳ ಪೈಸೆಯನ್ನು ಪೂರ್ಣಾಂಕಕ್ಕೆ ತರುವ ಲೆಕ್ಕ ತಪ್ಪಾಗಿದೆ, ಗೊತ್ತಾಗಿ ಇಪ್ಪತ್ತು ನಿಮಿಷವಾಯಿತು ಎಂದ. ನನ್ನ ಬಾಯಿಗೆ ಹೋಗಲಿ ಬಿಡು ಎಂಬುದೇ ಬಂದಿತ್ತು, ತಡೆದುಕೊಂಡು ಮೂರು ಪ್ರಶ್ನೆಗಳನ್ನು ಕೇಳಿದೆ. ಮೂರನೆಯದಕ್ಕೆ ಆತ ಕೊಟ್ಟ ಉತ್ತರದಿಂದ, ನಮ್ಮ ಪರೀಕ್ಷಾ ದತ್ತಾಂಶದಲ್ಲಿ ಪೈಸೆ ಇರುವ ಮೊತ್ತವೇ ಇಲ್ಲ, ಎಲ್ಲವೂ ಪೂರ್ತಿ ರೂಪಾಯಿಗಳೇ ಎಂಬ ಸಂಗತಿ ಹೊರಬಿತ್ತು. ಹಾಗಿದ್ದರೆ ಆ ತಪ್ಪು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮುಂಚೆ ಎರಡೂ ಸರಿಯಾದವು. 28,000 ರೂಪಾಯಿಗೆ ನನಗೆ ಸಿಕ್ಕದ್ದೇನು ಎಂದು ಯಾರಾದರೂ ಕೇಳಿದರೆ ಆ ಬೆಳಗನ್ನೇ ತೋರಿಸುತ್ತೇನೆ.

ಉಳಿದ ಶನಿವಾರಗಳಲ್ಲಿ ಅಂದಾಜು ಹಾಕುವುದು, ಕೆಲಸ ಹಂಚುವುದು, ಮೇಲಿನವರಿಗೆ ಆಗುವುದಿಲ್ಲ ಎಂದು ಹೇಳುವುದು, ಲೀಡ್ ಆದ ಮೇಲೆ ಸ್ವತಃ ಎಷ್ಟು ಕೋಡ್ ಬರೆಯಬೇಕು ಎಂಬ ಪಾಠಗಳಿದ್ದವು. ಇವು ಚೆನ್ನಾಗಿಯೇ ಇದ್ದವು. ದೊಡ್ಡ ತಾಂತ್ರಿಕ ತೀರ್ಮಾನ ತೆಗೆದುಕೊಂಡಾಗಲೆಲ್ಲ ಏನನ್ನು ಆರಿಸಿದೆವು, ಏನನ್ನು ಬಿಟ್ಟೆವು, ಯಾಕೆ ಎಂದು ಒಂದೇ ಪುಟದಲ್ಲಿ ಬರೆದಿಡುವ ಅಭ್ಯಾಸ ಅಲ್ಲಿಂದ ನಮ್ಮ ತಂಡಕ್ಕೆ ಬಂತು, ಹೊಸದಾಗಿ ಸೇರುವವರಿಗೆ ಅದರಿಂದ ದೊಡ್ಡ ಉಪಕಾರವಾಗಿದೆ. ಸ್ವಂತ ಕೋಡ್ ಬಗ್ಗೆ ಮೇಡಂ ಕೊಟ್ಟ ಸಲಹೆ ನನಗೆ ಹಿಡಿಸಿತು: ಎಲ್ಲರೂ ನಿಮಗಾಗಿ ಕಾಯುವಂಥ ಭಾಗವನ್ನು ನೀವು ಬರೆಯಬೇಡಿ, ಯಾರಿಗೂ ಬೇಡವಾದ ಬಗ್‌ಗಳನ್ನು ನೀವು ಎತ್ತಿಕೊಳ್ಳಿ. ಕೋಡ್ ಕೈತಪ್ಪಿ ಹೋಗುವುದಿಲ್ಲ, ಯಾರ ದಾರಿಗೂ ಅಡ್ಡವಾಗುವುದಿಲ್ಲ.

ಕೊರತೆಗಳಲ್ಲಿ ದೊಡ್ಡದು ಅಪ್ರೈಸಲ್‌ಗೆ ಸಂಬಂಧಿಸಿದ್ದು. ತಪ್ಪನ್ನು ನಿರ್ಭಯವಾಗಿ ಹೇಳಿ ಎನ್ನುವ ಲೀಡ್‌ನ ಅಭಿಪ್ರಾಯವನ್ನೇ ವರ್ಷದ ಕೊನೆಯಲ್ಲಿ ರೇಟಿಂಗ್‌ಗೆ ಕೇಳುತ್ತಾರೆ. ತಂಡದವರಿಗೆ ಇದು ಗೊತ್ತಿದೆ. ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳಿ ಎಂದಷ್ಟೇ ತರಬೇತಿಯಲ್ಲಿ ಹೇಳಿದರು, ಹೇಗೆ ಎಂದು ಹೇಳಲಿಲ್ಲ. ತಿಳಿದ ದಿನವೇ ಹೇಳಿದ ಯಾವ ತಪ್ಪನ್ನೂ ಅಪ್ರೈಸಲ್‌ನಲ್ಲಿ ಎತ್ತುವುದಿಲ್ಲ ಎಂದು ನಾನು ತಂಡಕ್ಕೆ ಮಾತು ಕೊಡಲು ಹೊರಟಾಗ ನನ್ನ ಮ್ಯಾನೇಜರ್ ಒಪ್ಪಲಿಲ್ಲ. ಎರಡು ಸಲ ಮಾತಾಡಿದ ಮೇಲೆ, ಒಂದೇ ತಪ್ಪು ಮರುಕಳಿಸದಿದ್ದರೆ ಎಂಬ ಷರತ್ತಿನೊಂದಿಗೆ ಒಪ್ಪಿದರು. ಇಂಥ ಕಡೆ ತರಬೇತಿ ಕೈಹಿಡಿಯಬೇಕಿತ್ತು.

ಇನ್ನೊಂದು ಕೊರತೆ ನಮ್ಮ ಕಚೇರಿಗಳಿಗೇ ವಿಶೇಷವಾದದ್ದು. ನನ್ನ ತಂಡದಲ್ಲಿ ನನಗಿಂತ ಒಂಬತ್ತು ವರ್ಷ ಹಿರಿಯರೊಬ್ಬರಿದ್ದಾರೆ. ನಾನು ಅವರನ್ನು ನೀವು ಎನ್ನುತ್ತೇನೆ, ಕಿರಿಯರನ್ನು ಅಭ್ಯಾಸಬಲದಿಂದ ನೀನು ಎನ್ನುತ್ತೇನೆ. ಅವರ ಕೋಡ್‌ನಲ್ಲಿ ತಪ್ಪು ತೋರಿಸುವಾಗ ಮಾತು ತಡವರಿಸುತ್ತದೆ, ಕಿರಿಯರಿಗೆ ಹೇಳುವಾಗ ಅಷ್ಟು ಯೋಚಿಸುವುದೇ ಇಲ್ಲ. ಎಲ್ಲರನ್ನೂ ಮೊದಲ ಹೆಸರಿನಿಂದ ಕರೆಯಿರಿ ಎಂಬುದು ತರಬೇತಿ ಕೊಟ್ಟ ಪರಿಹಾರ. ಇಂಗ್ಲಿಷ್ ಮೀಟಿಂಗ್‌ನಲ್ಲಿ ಅದು ನಡೆಯುತ್ತದೆ, ಕನ್ನಡಕ್ಕೆ ಮಾತು ಹೊರಳಿದ ಕೂಡಲೇ ನೀವು-ನೀನು ತಾನಾಗಿ ಬಂದು ಕೂರುತ್ತದೆ. ನಾನು ಈಗ ಎಲ್ಲರಿಗೂ ನೀವು ಎನ್ನಲು ಪ್ರಯತ್ನಿಸುತ್ತಿದ್ದೇನೆ. ಆ ಕಿರಿಯ ಎಂಜಿನಿಯರ್‌ಗೆ ಮೊದಮೊದಲು ಮುಜುಗರವಾಯಿತು, ನಾನು ಸಿಟ್ಟಾಗಿದ್ದೇನೆಂದು ತಿಳಿದನಂತೆ, ಈಗ ಅಭ್ಯಾಸವಾಗಿದೆ. ಇದು ಸರಿಯಾದ ದಾರಿಯೇ ಎಂದು ಹೇಳಲು ಇನ್ನೂ ಸ್ವಲ್ಪ ಕಾಲ ಬೇಕು.

ತರಬೇತಿ ಮುಗಿದ ಮೇಲೆ ಸಂಸ್ಥೆಯಿಂದ ಪ್ರಮಾಣಪತ್ರವೊಂದು ಬಂತು, ಅದರಾಚೆ ಯಾರೂ ವಿಚಾರಿಸಲಿಲ್ಲ. ಮೂರು ತಿಂಗಳಾದ ಮೇಲೆ ಒಂದು ಶನಿವಾರ ಎಲ್ಲರನ್ನೂ ಮತ್ತೆ ಸೇರಿಸಿದ್ದರೆ ಕಲಿತದ್ದು ಗಟ್ಟಿಯಾಗುತ್ತಿತ್ತು. ನಮ್ಮ ಬ್ಯಾಚ್‌ನ ಐದಾರು ಜನ ಈಗ ತಿಂಗಳಿಗೊಮ್ಮೆ ವಿಡಿಯೊ ಕರೆಯಲ್ಲಿ ಸೇರಿ ತಮ್ಮ ತಂಡದ ಒಂದೊಂದು ಘಟನೆಯನ್ನು ಹೇಳಿಕೊಳ್ಳುತ್ತೇವೆ. ಹುಬ್ಬಳ್ಳಿಯವರು ಅದನ್ನು ಒಮ್ಮೆಯೂ ತಪ್ಪಿಸಿಲ್ಲ.

ಲೀಡ್ ಆಗಿ ಆರು ತಿಂಗಳಾದರೂ ಆದವರಿಗೆ ಇಂಥ ತರಬೇತಿ ಒಗ್ಗುತ್ತದೆ. ಇನ್ನೂ ಲೀಡ್ ಆಗದವರಿಗೆ ಆರನೆಯ ಶನಿವಾರದ ಆ ಹತ್ತು ನಿಮಿಷದಲ್ಲಿ ಬರೆಯಲು ಏನೂ ಇರುವುದಿಲ್ಲ. ಹಣ ಕಟ್ಟುವ ಮುನ್ನ, ಪಾಠ ಮಾಡುವವರು ಎಷ್ಟು ವರ್ಷ ತಾಂತ್ರಿಕ ಕೆಲಸ ಮಾಡಿದ್ದಾರೆ, ನಿಜವಾದ ಘಟನೆಗಳ ಮೇಲಿನ ಅಭ್ಯಾಸ ಎಷ್ಟು ಗಂಟೆ, ಸ್ಲೈಡುಗಳು ಎಷ್ಟು ಗಂಟೆ ಎಂದು ಕೇಳಿ. ಅರ್ಧಕ್ಕಿಂತ ಹೆಚ್ಚು ಸ್ಲೈಡುಗಳೇ ಆಗಿದ್ದರೆ ಬೇಡ. ಶುಲ್ಕವನ್ನು ಕಂಪನಿಯಿಂದ ಕೊಡಿಸಿಕೊಳ್ಳಲು ಸಾಧ್ಯವೇ ಎಂದೂ ವಿಚಾರಿಸಿ. ನನಗೆ ನಮ್ಮ ಕಂಪನಿ ಕೊಟ್ಟಿರಲಿಲ್ಲ, ಈ ವರ್ಷ ಪಕ್ಕದ ತಂಡಗಳ ಇಬ್ಬರು ಹೊಸ ಲೀಡ್‌ಗಳಿಗೆ ಕೊಟ್ಟಿದೆ. ಮುಂದಿನ ತಿಂಗಳು ಅವರ ತರಗತಿ ಆರಂಭವಾಗುತ್ತದೆ. ಮನೆಯಲ್ಲಿ ಮದುವೆಯಿದೆ, ಒಂದೆರಡು ಶನಿವಾರ ತಪ್ಪಬಹುದು ಎಂದು ಒಬ್ಬರು ಹೇಳಿದಾಗ, ಮೊದಲ ಎರಡು ತಪ್ಪಿದರೆ ಚಿಂತೆಯಿಲ್ಲ, ನಾಲ್ಕನ್ನೂ ಆರನ್ನೂ ಮಾತ್ರ ತಪ್ಪಿಸಬೇಡಿ ಎಂದು ಹೇಳಿದ್ದೇನೆ.